ಗ್ಯಾಸ್ ಮುಟ್ಟುವ ಮೊದಲು ಗಾಳಿ ಅಳೆಯಿರಿ: ಕೋಡಿಬಾಗದ ಮನೆಯೊಂದರ ಡಕ್ಟ್ ಎಸಿ ದುರಸ್ತಿ

"ಗ್ರಿಲ್ಲಿಂದ ಗಾಳಿನೇ ಬರೂದಿಲ್ಲ, ಗ್ಯಾಸ್ ಹಾಕ್ಬೇಕೇನೋ ನೋಡಿ." ಮೇ ತಿಂಗಳಲ್ಲಿ ಬರುವ ಕರೆಗಳು ಹೆಚ್ಚಾಗಿ ಶುರುವಾಗುವುದೇ ಈ ಮಾತಿನಿಂದ. ಗ್ಯಾಸ್ ಮಾಡುವ ಕೆಲಸ ಕಾಯಿಲನ್ನು, ಅಂದರೆ ಗಾಳಿಯನ್ನು ತಂಪಾಗಿಸುವ ಕೊಳವೆಗಳ ಜಾಲವನ್ನು, ತಣ್ಣಗೆ ಇಡುವುದು ಅಷ್ಟೇ. ಗಾಳಿಯನ್ನು ಎಳೆದು ಡಕ್ಟಿಗೆ, ಅಂದರೆ ಕೋಣೆಗಳಿಗೆ ಗಾಳಿ ಒಯ್ಯುವ ದೊಡ್ಡ ಕೊಳವೆಗೆ, ತಳ್ಳುವುದು ಬ್ಲೋವರ್ ಎಂಬ ಫ್ಯಾನ್. ರಭಸ ಕಡಿಮೆಯಾದರೆ ಮೊದಲು ನೋಡಬೇಕಾದದ್ದು ಗಾಳಿ ಹೋಗಿ ಬರುವ ದಾರಿಯನ್ನು. ಗ್ಯಾಸ್ ಸೋರಿ ಕಾಯಿಲ್ ಮೇಲೆ ಮಂಜು ಕಟ್ಟಿದರೆ ಗಾಳಿ ನಿಲ್ಲುತ್ತದೆ, ಅದು ನಿಜ. ಆದರೆ ಗಾಳಿ ಕಡಿಮೆಯಾದರೂ ಅದೇ ಮಂಜು ಕಟ್ಟುತ್ತದೆ. ಎರಡನ್ನೂ ಬೇರೆ ಮಾಡಿ ನೋಡದೆ ಸಿಲಿಂಡರ್ ಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಕಾರವಾರದ ಕೋಡಿಬಾಗದ ಈ ಮನೆಯೇ ಸಾಕ್ಷಿ.

ಹಳೆಯ ಚಿರೆಕಲ್ಲಿನ ಮನೆ. ಮಂಗಳೂರು ಹಂಚಿನ ಮಾಡು, ಅದರ ಕೆಳಗೆ ಜಿಪ್ಸಮ್ ಫಾಲ್ಸ್ ಸೀಲಿಂಗ್. ಸೀಲಿಂಗ್ ಮತ್ತು ಹಂಚಿನ ನಡುವಿನ ಅಟ್ಟದಲ್ಲಿ ಮೂರು ಟನ್ನಿನ (ಟನ್ ಎಂದರೆ ಇಲ್ಲಿ ತಂಪು ಮಾಡುವ ಸಾಮರ್ಥ್ಯದ ಅಳತೆ) ಡಕ್ಟ್ ಯೂನಿಟ್ ಕೂರಿಸಿದ್ದಾರೆ. ಹಾಲ್‌ಗೆ ಮೂರು ಗ್ರಿಲ್, ಹತ್ತಿರದ ಕೋಣೆಗೆ ಒಂದು, ತುದಿಯ ಕೋಣೆಗೆ ಎರಡು. ಎಲ್ಲವೂ 450×150 ಮಿ.ಮೀ. ಅಳತೆಯವು. ವಾಪಸು ಗಾಳಿ ಎಳೆದುಕೊಳ್ಳುವ ದೊಡ್ಡ ಗ್ರಿಲ್ ಇರುವುದು ಹಾಲ್ ಮತ್ತು ಅಡುಗೆಮನೆಯ ನಡುವಿನ ಓಣಿಯಲ್ಲಿ. ಈ ಜಾಗ ನೆನಪಿರಲಿ, ಮುಂದೆ ಬರುತ್ತದೆ. ಹಿಂದಿನ ಎರಡು ಬೇಸಿಗೆಯಲ್ಲೂ ಇದೇ ದೂರಿಗೆ ಗ್ಯಾಸ್ ತುಂಬಿಸಿದ್ದರು. ತುಂಬಿಸಿದಾಗಲೆಲ್ಲ ಹತ್ತು ದಿನ ಚೂರು ಪರವಾಗಿಲ್ಲ ಅನಿಸಿ, ಮತ್ತೆ ಮೊದಲಿನಂತೆಯೇ ಆಗುತ್ತಿತ್ತು.

ಅಟ್ಟಕ್ಕೆ ಹತ್ತಿ ಮೊದಲು ನೋಡಿದ್ದು ಇಂಡೋರ್ ಯೂನಿಟ್ಟಿಗೆ ಬಂದು ಸೇರುವ ದಪ್ಪ ತಾಮ್ರದ ಪೈಪನ್ನು. ಇನ್ಸುಲೇಶನ್ ಮುಗಿಯುವ ಕಡೆ ಬೆರಳಗಲದಷ್ಟು ಬಿಳಿ ಮಂಜು ಕಟ್ಟಿತ್ತು. ಮಂಜಿದ್ದಾಗ ಯಾವ ಅಳತೆಯೂ ಲೆಕ್ಕಕ್ಕೆ ಬರುವುದಿಲ್ಲ, ಕಾಯಿಲ್ ಅರ್ಧ ಮುಚ್ಚಿಹೋಗಿರುತ್ತದೆ. ಥರ್ಮೋಸ್ಟಾಟಿನಲ್ಲಿ ಕೂಲ್ ತೆಗೆದು ಫ್ಯಾನ್ ಮಾತ್ರ ಇಟ್ಟೆವು, ಕಂಪ್ರೆಸರ್ ನಿಂತಿತು. ಡ್ರೇನ್ ಪೈಪಿನ ಬಾಯಿಗೆ ಬಕೆಟ್ ಇಟ್ಟು ಎರಡೂವರೆ ತಾಸು ಬಿಟ್ಟೆವು. ಸ್ಕ್ರೂಡ್ರೈವರಿನಿಂದ ಮಂಜು ಕೆರೆಯುವುದು, ಬಿಸಿನೀರು ಸುರಿಯುವುದು ಬೇಡವೇ ಬೇಡ. ಕಾಯಿಲಿನ ಕೊಳವೆ ತೂತಾದರೆ ಇಡೀ ಕಾಯಿಲನ್ನೇ ಬದಲಿಸಬೇಕಾದೀತು.

ಕರಗಿ ಮುಗಿದ ಮೇಲೆ, ಏನನ್ನೂ ಬಿಚ್ಚುವ ಮೊದಲು, ಬಾಗಿಲುಗಳನ್ನೆಲ್ಲ ತೆರೆದಿಟ್ಟು ಆರೂ ಗ್ರಿಲ್‌ಗಳ ಗಾಳಿ ಅಳೆದೆವು. ಇದಕ್ಕೆ ಬೇಕಾದದ್ದು ಅಂಗೈಯಗಲದ ರೆಕ್ಕೆಚಕ್ರ ಇರುವ, ಗಾಳಿಯ ವೇಗ ಅಳೆಯುವ ಆನಿಮೋಮೀಟರ್. ಒಂದೇ ಬಿಂದುವಿನಲ್ಲಿ ಹಿಡಿದರೆ ತಪ್ಪು ತೋರಿಸುತ್ತದೆ. ಗ್ರಿಲ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಎಳೆಯುತ್ತ ಸರಾಸರಿ ತೆಗೆಯಬೇಕು. 450×150 ಗ್ರಿಲ್‌ನ ವಿಸ್ತೀರ್ಣ 0.0675 ಚದರ ಮೀಟರ್. ಪಟ್ಟಿಗಳು ಅಡ್ಡ ಬರುವುದರಿಂದ ಗಾಳಿಗೆ ನಿಜವಾಗಿ ಸಿಗುವ ಜಾಗ ಅದರ ಸುಮಾರು ಶೇ. 70. ಲೆಕ್ಕ ಹಾಕಿದರೆ ಸೆಕೆಂಡಿಗೆ 1 ಮೀಟರ್ ವೇಗಕ್ಕೆ ಹತ್ತಿರಹತ್ತಿರ 100 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 100 ಘನ ಅಡಿ ಗಾಳಿ, ಬರುತ್ತದೆ. ಗ್ರಿಲ್‌ನ ನಮೂನೆ ಬೇರೆಯಾದರೆ ಈ ಗುಣಕವೂ ಬದಲಾಗುತ್ತದೆ. ಆದರೆ ಒಂದೇ ಮನೆಯಲ್ಲಿ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಹೋಲಿಸಲು ಇದು ಧಾರಾಳ ಸಾಕು.

ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ ಹಾಲ್‌ನಲ್ಲಿ 1.2, 1.1, 1.2. ಹತ್ತಿರದ ಕೋಣೆಯಲ್ಲಿ 1.0. ತುದಿಯ ಕೋಣೆಯಲ್ಲಿ 0.4 ಮತ್ತು 0.3. ಒಟ್ಟು 5.2, ಅಂದರೆ 520 ಸಿಎಫ್‌ಎಂ. ಟನ್ನಿಗೆ 400 ಸಿಎಫ್‌ಎಂ ಎಂಬುದು ಈ ಕೆಲಸದಲ್ಲಿ ಎಲ್ಲ ಕಡೆ ಹೇಳುವ ಲೆಕ್ಕ. ಕರಾವಳಿಯಂಥ ತೇವದ ಊರಿಗೆ 350 ಸಾಕು, ಅದೇ ಒಳ್ಳೆಯದು ಕೂಡ. ಗಾಳಿ ಕಾಯಿಲಿನ ಮೇಲೆ ತುಸು ನಿಧಾನವಾಗಿ ಹೋದರೆ ಹೆಚ್ಚು ನೀರು ಇಳಿಯುತ್ತದೆ, ಕೋಣೆ ಒಣಗಿದ ಹಾಗೆ ಹಿತವಾಗಿರುತ್ತದೆ. ಆ ಲೆಕ್ಕದಲ್ಲೂ ಮೂರು ಟನ್ನಿಗೆ 1050 ಬೇಕು. ಇಲ್ಲಿ ಇದ್ದದ್ದು ಅದರ ಅರ್ಧ.

ಈ ಆರು ಅಂಕಿಗಳು ಇನ್ನೂ ಒಂದು ಮಾತು ಹೇಳುತ್ತಿದ್ದವು. ಎಲ್ಲ ಗ್ರಿಲ್‌ಗಳಲ್ಲೂ ಒಂದೇ ಪ್ರಮಾಣದಲ್ಲಿ ಗಾಳಿ ಕಡಿಮೆಯಾಗಿದ್ದರೆ ತಪ್ಪು ಯೂನಿಟ್ಟಿನ ಹತ್ತಿರ ಇದೆ: ಫಿಲ್ಟರ್, ಕಾಯಿಲ್, ಬ್ಲೋವರ್, ಇಲ್ಲವೇ ವಾಪಸು ಗ್ರಿಲ್. ಒಂದೇ ಕೋಣೆಯಲ್ಲಿ ಕಡಿಮೆಯಾಗಿದ್ದರೆ ಆ ಕವಲಿನ ಡಕ್ಟ್ ಅಥವಾ ಡ್ಯಾಂಪರ್, ಅಂದರೆ ಡಕ್ಟಿನೊಳಗೆ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ತಗಡಿನ ಬಾಗಿಲು. ಇಲ್ಲಿ ಎಲ್ಲ ಕಡೆ ಕಡಿಮೆ, ತುದಿಯ ಕೋಣೆಯಲ್ಲಿ ಇನ್ನೂ ಕಡಿಮೆ. ಅಂದರೆ ಎರಡು ಬೇರೆ ಬೇರೆ ತೊಂದರೆ ಒಂದರ ಮೇಲೊಂದು ಕೂತಿವೆ.

ಆಮೇಲೆ ಕೂಲಿಂಗ್ ಹಾಕಿ ಇಪ್ಪತ್ತು ನಿಮಿಷ ಓಡಿಸಿ ಉಷ್ಣಾಂಶ ನೋಡಿದೆವು. ವಾಪಸು ಗಾಳಿ 28 ಡಿಗ್ರಿ, ಗ್ರಿಲ್‌ನಿಂದ ಹೊರಬರುವುದು 13. ವ್ಯತ್ಯಾಸ 15. ನಮ್ಮ ತೇವದಲ್ಲಿ ಈ ವ್ಯತ್ಯಾಸ 8ರಿಂದ 11 ಡಿಗ್ರಿಯೊಳಗೆ ಇರಬೇಕು. ಗ್ಯಾಸ್ ಕಡಿಮೆಯಾಗಿದ್ದರೆ ವ್ಯತ್ಯಾಸ ಕುಗ್ಗುತ್ತದೆ, 5ಕ್ಕೋ 6ಕ್ಕೋ ಬರುತ್ತದೆ. ಅದು 15ಕ್ಕೆ ಹಿಗ್ಗಿದೆ ಅಂದರೆ ಸ್ವಲ್ಪವೇ ಗಾಳಿ ಕಾಯಿಲಿನ ಮೇಲೆ ಹೆಚ್ಚು ಹೊತ್ತು ನಿಂತು ಹೋಗುತ್ತಿದೆ. ಗ್ಯಾಸ್ ಕಡೆ ಕೈ ಹಾಕಬೇಡಿ ಎಂದು ಎರಡು ಥರ್ಮಾಮೀಟರ್‌ಗಳೇ ಹೇಳಿದಂತಾಯಿತು. ಆ ದಿನ ಗ್ಯಾಸಿನ ಒತ್ತಡ ಅಳೆಯುವ ಗೇಜನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯಲಿಲ್ಲ.

ಫಿಲ್ಟರ್‌ನ ಕತೆ ಚಿಕ್ಕದು. ವಾಪಸು ಗ್ರಿಲ್‌ನ ಹಿಂದೆ ಕಂಪನಿ ಕೊಟ್ಟ ನೈಲಾನ್ ಜಾಲರಿ ಇತ್ತು. ಅದರ ಮೇಲೆ, ಧೂಳಿನ ಅಲರ್ಜಿಗೆ ಒಳ್ಳೆಯದೆಂದು, ಯಾರೋ ದಪ್ಪ ನಾರಿನ ಪ್ಯಾಡ್ ಕತ್ತರಿಸಿ ಇಟ್ಟಿದ್ದರು. ಗಾಳಿಯ ಒತ್ತಡದ ವ್ಯತ್ಯಾಸ ತೋರಿಸುವ ಮಾನೋಮೀಟರಿನ ಎರಡು ಕೊಳವೆಗಳನ್ನು ಫಿಲ್ಟರ್‌ನ ಆಚೆ ಈಚೆ ಇಟ್ಟು ನೋಡಿದರೆ 62 ಪಾಸ್ಕಲ್. ತೊಳೆದ ಬರೀ ನೈಲಾನ್ ಜಾಲರಿಗೆ 10ರಿಂದ 20 ಪಾಸ್ಕಲ್ ಸಾಕು. ಇಂಥ ಮನೆ ಯೂನಿಟ್ಟಿನ ಬ್ಲೋವರ್ ಹೊರಗಿನ ಡಕ್ಟಿಗೆಲ್ಲ ಸೇರಿ ಕೊಡಬಲ್ಲ ಒತ್ತಡವೇ 100 ಪಾಸ್ಕಲ್ ಆಸುಪಾಸು. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಒಂದು ಪ್ಯಾಡ್ ತಿಂದುಹಾಕುತ್ತಿತ್ತು. ಅಲರ್ಜಿಗೆ ಸಣ್ಣ ಧೂಳು ಹಿಡಿಯುವ ಫಿಲ್ಟರ್ ಬೇಕೇ ಬೇಕೆಂದರೆ ಫಿಲ್ಟರ್‌ನ ವಿಸ್ತೀರ್ಣ ಎರಡು ಪಟ್ಟಾದರೂ ಆಗಬೇಕು. ಇದ್ದ ಚೌಕಟ್ಟಿಗೇ ದಪ್ಪ ಪ್ಯಾಡ್ ತುರುಕುವುದು ಉಸಿರು ಕಟ್ಟಿಸಿದ ಹಾಗೆ. ಪ್ಯಾಡ್ ತೆಗೆದು, ಜಾಲರಿ ತೊಳೆದು ಹಾಕಿದಾಗ ಒಟ್ಟು 630 ಸಿಎಫ್‌ಎಂಗೆ ಏರಿತು. ಮಾನೋಮೀಟರ್ ಇಲ್ಲದವರಿಗೂ ಇದೇ ಪರೀಕ್ಷೆ ಸಾಕು: ಎರಡು ನಿಮಿಷ ಫಿಲ್ಟರ್ ತೆಗೆದಿಟ್ಟು ಗ್ರಿಲ್‌ನ ಗಾಳಿ ನೋಡಿ. ಥಟ್ಟನೆ ಜಾಸ್ತಿಯಾದರೆ ಅಡ್ಡಿ ಅಲ್ಲೇ ಇದೆ. ಏನೂ ವ್ಯತ್ಯಾಸವಾಗದಿದ್ದರೆ ಮುಂದಕ್ಕೆ ಹೋಗಿ. ಫಿಲ್ಟರ್ ಇಲ್ಲದೆ ಓಡಿಸಿಯೇ ಬಿಡುವುದು ಮಾತ್ರ ಬೇಡ.

ಇನ್ನೊಂದು ದೋಷವೂ ಅಲ್ಲಿತ್ತು. ಪ್ಯಾಡಿನ ದಪ್ಪಕ್ಕೆ ಚೌಕಟ್ಟು ಸರಿಯಾಗಿ ಕೂರದೆ ಒಂದು ಬದಿಯಲ್ಲಿ 15 ಮಿ.ಮೀ. ಸಂದು ಉಳಿದಿತ್ತು. ಗಾಳಿ ಸುಲಭದ ದಾರಿ ಹಿಡಿಯುತ್ತದೆ. ಪ್ಯಾಡ್ ಕಟ್ಟಿದಷ್ಟೂ ಆ ಸಂದಿನಿಂದ ಸೋಸದ ಗಾಳಿ ನುಗ್ಗಿದೆ. ಹಾಗಾಗಿ ಕಾಯಿಲ್ ಹೇಗಿರಬಹುದೆಂದು ನೋಡುವ ಮೊದಲೇ ಗೊತ್ತಾಗಿತ್ತು.

ಮೇನ್ ಸ್ವಿಚ್ ಆಫ್ ಮಾಡಿ, ಎಂಸಿಬಿ ಮೇಲೆ "ಹಾಕಬೇಡಿ" ಎಂದು ಚೀಟಿ ಅಂಟಿಸಿ, ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ಇಟ್ಟು ಕರೆಂಟ್ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಯೂನಿಟ್ಟಿನ ಕೆಳಗಿನ ತಗಡು ಬಿಚ್ಚಿದೆವು. ಗಾಳಿ ಒಳಗೆ ಹೋಗುವ ಮುಖದಿಂದ ನೋಡಬೇಕು, ಹೊರಬರುವ ಮುಖ ಯಾವಾಗಲೂ ಚೊಕ್ಕಟವಾಗಿಯೇ ಕಾಣುತ್ತದೆ. ಟಾರ್ಚನ್ನು ನೇರ ಹಿಡಿದರೆ ಫಿನ್‌ಗಳ, ಅಂದರೆ ಕಾಯಿಲಿನ ತೆಳು ಅಲ್ಯೂಮಿನಿಯಂ ಪಟ್ಟಿಗಳ, ಅಂಚು ಹೊಳೆದು ಮೋಸವಾಗುತ್ತದೆ. ಓರೆಯಾಗಿ, ಮುಖಕ್ಕೆ ಸವರಿದ ಹಾಗೆ ಬೆಳಕು ಬಿಟ್ಟಾಗ ಕಂಡಿತು: ಬೂದುಬಣ್ಣದ ತೆಳು ಕಂಬಳಿ. ಉಗುರಿನಿಂದ ಎತ್ತಿದರೆ ಹಾಳೆಯ ಹಾಗೆ ಎದ್ದುಬಂತು, ಕೈಗೆ ಜಿಡ್ಡು. ಬರೀ ಧೂಳು ಹೀಗೆ ಅಂಟುವುದಿಲ್ಲ. ಓಣಿಯ ಆ ವಾಪಸು ಗ್ರಿಲ್ ಅಡುಗೆಮನೆ ಬಾಗಿಲಿನಿಂದ ಐದಾರು ಅಡಿ ದೂರ. ದಿನವೂ ಮೀನು ಹುರಿಯುವ ಎಣ್ಣೆಯ ಆವಿ ತಂಪು ಕಾಯಿಲಿನ ಮೇಲೆ ಕೂತು ಅಂಟಾಗಿದೆ, ಅದರ ಮೇಲೆ ಬಟ್ಟೆಯ ಎಳೆ, ಸಮುದ್ರದ ಕಡೆಯಿಂದ ಬರುವ ಉಪ್ಪಿನ ತೇವ ಎಲ್ಲವೂ ಸೇರಿ ಪದರ ಕಟ್ಟಿದೆ. ಗ್ರಿಲ್‌ನ ಜಾಗ ಬದಲಿಸುವುದು ದೊಡ್ಡ ಕೆಲಸ. ಹುರಿಯುವಾಗ ಅಡುಗೆಮನೆ ಬಾಗಿಲು ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಹಾಕುವುದು ಎಂದು ಮನೆಯವರೊಂದಿಗೆ ಮಾತಾಯಿತು.

ಕರಾವಳಿಯಲ್ಲಿ ಕಾಯಿಲ್ ತೊಳೆಯುವುದಕ್ಕೆ ಬೇರೆಯದೇ ಜಾಗ್ರತೆ ಬೇಕು. ಉಪ್ಪಿಗೆ ಅಲ್ಯೂಮಿನಿಯಂ ಫಿನ್‌ಗಳು ಮೊದಲೇ ಸೊರಗಿರುತ್ತವೆ, ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತದೆ. ಆಸಿಡ್ ಇರುವ ಕ್ಲೀನರ್ ಹಾಕಿದರೆ ನೊರೆ ಚೆನ್ನಾಗಿ ಬರುತ್ತದೆ, ಕೊಳೆ ಬೇಗ ಹೋಗುತ್ತದೆ, ಜೊತೆಗೆ ಫಿನ್ನೂ ಹೋಗುತ್ತದೆ. ಕಾಸ್ಟಿಕ್ ಇರುವುದೂ ಅಷ್ಟೇ. ಜಿಡ್ಡು ಬಿಡಿಸುವ ಗುಣ ಇದ್ದು, ಆಸಿಡ್ಡೂ ಅಲ್ಲದ ಕ್ಷಾರವೂ ಅಲ್ಲದ ಕಾಯಿಲ್ ಕ್ಲೀನರ್ ತಂದು, ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಕಲಸಿ, ತೋಟಕ್ಕೆ ಔಷಧ ಹೊಡೆಯುವಂಥ ಕೈಪಂಪಿನಿಂದ ಸಿಂಪಡಿಸಿದೆವು. ಮೊದಲು ಒಣ ಕಂಬಳಿಯನ್ನು ಮೆದು ಬ್ರಷ್‌ನಿಂದ ತೆಗೆಯಬೇಕು. ಬ್ರಷ್ ಯಾವಾಗಲೂ ಫಿನ್ ಸಾಗುವ ದಿಕ್ಕಿನಲ್ಲೇ ಆಡಬೇಕು, ಅಡ್ಡ ಆಡಿಸಿದರೆ ಫಿನ್ ಮಲಗಿ ಇರುವ ದಾರಿಯೂ ಮುಚ್ಚುತ್ತದೆ. ಕ್ಲೀನರ್ ಹತ್ತು ನಿಮಿಷ ನೆನೆಯಬೇಕು, ಒಣಗಲು ಬಿಡಬಾರದು. ಆಮೇಲೆ ಹೊರಬರುವ ಮುಖದಿಂದ ಒಳಮುಖದ ಕಡೆಗೆ, ಅಂದರೆ ಗಾಳಿಯ ಎದುರು ದಿಕ್ಕಿನಲ್ಲಿ ನೀರು ಬಿಡಬೇಕು. ಕೊಳೆ ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಗಾಡಿ ತೊಳೆಯುವ ಪ್ರೆಶರ್ ಪಂಪ್ ಇಲ್ಲಿ ಬೇಡ.

ನೀರಿನ ಮಾತು. ಸಮುದ್ರಕ್ಕೂ ಕಾಳಿ ನದಿಯ ಅಳಿವೆಗೂ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಏರುತ್ತದೆ. ಅಂಥ ನೀರಿನಿಂದ ಕಾಯಿಲ್ ತೊಳೆದರೆ ಉಪ್ಪನ್ನು ತೆಗೆಯುವ ಬದಲು ಫಿನ್‌ಗಳ ನಡುವೆ ಉಪ್ಪು ತುಂಬಿದಂತೆ. ನಾಲಿಗೆಗೆ ಉಪ್ಪು ಹತ್ತುವ ನೀರು ಬೇಡ, ಕುಡಿಯುವ ಸಿಹಿನೀರೇ ಆಗಬೇಕು. ಮೂರು ಕೊಡ ಬೇಕಾಯಿತು. ಮೊದಲ ಕೊಡದ ನೀರು ಚಹಾದ ಬಣ್ಣದಲ್ಲಿ ಇಳಿಯಿತು, ಮೂರನೆಯದು ತಿಳಿಯಾಗಿತ್ತು. ಮಲಗಿದ್ದ ಫಿನ್‌ಗಳನ್ನು ಬಾಚಣಿಗೆಯಂಥ ಫಿನ್ ಕೂಂಬಿನಿಂದ ಎಬ್ಬಿಸಿದೆವು. ಒಂದು ಮೂಲೆಯಲ್ಲಿ ಅಂಗೈಯಷ್ಟು ಜಾಗದಲ್ಲಿ ಫಿನ್ ಪುಡಿಯಾಗುತ್ತಿತ್ತು, ಅದನ್ನು ಹಾಗೇ ಬಿಟ್ಟೆವು.

ಇಷ್ಟು ನೀರು ಬಿಡುವ ಮೊದಲು ಡ್ರೇನ್ ತೆರೆದಿರಬೇಕು. ತಟ್ಟೆಯಲ್ಲಿ ಲೋಳೆ ಕಟ್ಟಿತ್ತು. ಪೈಪಿಗೆ ಯು ಆಕಾರದ ಟ್ರ್ಯಾಪ್ ಇರಲೇ ಇಲ್ಲ. ಬ್ಲೋವರ್ ಕಾಯಿಲಿನ ಮೂಲಕ ಗಾಳಿ ಎಳೆಯುವ ಯೂನಿಟ್‌ಗಳಲ್ಲಿ ಟ್ರ್ಯಾಪ್ ಇಲ್ಲದಿದ್ದರೆ ಪೈಪಿನಿಂದಲೇ ಗಾಳಿ ಮೇಲೆ ಎಳೆದುಕೊಂಡು ನೀರು ಇಳಿಯದೆ ನಿಲ್ಲುತ್ತದೆ. ತಟ್ಟೆ ತುಂಬಿ ಕಾಯಿಲಿನ ಕೆಳಸಾಲು ನೀರಿನಲ್ಲಿ ಮುಳುಗಿದರೆ ಗಾಳಿಗೆ ಅಷ್ಟು ಜಾಗ ನಷ್ಟ. ಒಂದು ಮಿ.ಮೀ. ನೀರಿನ ಎತ್ತರ ಅಂದರೆ ಹತ್ತಿರಹತ್ತಿರ 10 ಪಾಸ್ಕಲ್. ಕಾಯಿಲಿನ ಆಚೆ 140 ಪಾಸ್ಕಲ್ ಎಳೆತ ಇತ್ತು, ಅಂದರೆ 14 ಮಿ.ಮೀ. ಕೊಳೆ ಕಟ್ಟಿದಾಗ ಇನ್ನೂ ಏರುವುದಕ್ಕೆ ಜಾಗ ಬಿಟ್ಟು 60 ಮಿ.ಮೀ. ಆಳದ ಟ್ರ್ಯಾಪ್ ಕಟ್ಟಿದೆವು. ಅಲ್ಲಿಂದ ಮುಂದೆ ಪೈಪಿಗೆ ಮೀಟರಿಗೆ 10 ಮಿ.ಮೀ. ಇಳಿಜಾರು. ಟ್ರ್ಯಾಪಿನ ಮೇಲೆ ಬಿರಡೆ ಹಾಕಿದ ಟಿ ಇರಲಿ. ಮಳೆಗಾಲದಲ್ಲಿ ಲೋಳೆ ಬೆಳೆದಾಗ ಅಲ್ಲಿಂದ ಬಿಸಿನೀರು ಬಿಟ್ಟು ತೊಳೆಯಬಹುದು.

ಕಾಯಿಲ್ ತೊಳೆದ ಮೇಲೆ ಒಟ್ಟು ಗಾಳಿ 800 ಸಿಎಫ್‌ಎಂ.

ಇನ್ನು ಬ್ಲೋವರ್. ಮೋಟಾರಿನ ಎರಡು ಬದಿಗೆ ಎರಡು ಅಳಿಲುಪಂಜರದಂಥ ಚಕ್ರ, ಪ್ರತಿಯೊಂದರಲ್ಲೂ ಮುಂದಕ್ಕೆ ಬಾಗಿದ ಸಣ್ಣ ಸಣ್ಣ ಪಟ್ಟಿಗಳು. ಒಂದೊಂದು ಪಟ್ಟಿಯೂ ಚಿಕ್ಕ ಚಮಚದ ಹಾಗೆ ಗಾಳಿಯನ್ನು ಮೊಗೆದು ಎಸೆಯಬೇಕು. ಚಮಚದ ಗುಳಿಯೇ ಜಿಡ್ಡಿನ ಧೂಳಿನಿಂದ ತುಂಬಿ ಮಟ್ಟವಾದರೆ ಚಕ್ರ ಅದೇ ವೇಗದಲ್ಲಿ ತಿರುಗುತ್ತದೆ, ಸದ್ದು ಬರುತ್ತದೆ, ಗಾಳಿ ಮಾತ್ರ ಬರುವುದಿಲ್ಲ. ಮೋಟಾರ್ ಓಡುತ್ತಿದೆಯಲ್ಲ ಎಂದು ಇದನ್ನು ಬಿಚ್ಚಿ ನೋಡದೇ ಬಿಡುವವರೇ ಹೆಚ್ಚು. ಇಲ್ಲಿ ಪಟ್ಟಿಗಳ ಗುಳಿಯಲ್ಲಿ ಎರಡು ಮೂರು ಮಿ.ಮೀ. ತುಂಬಿತ್ತು. ಶಾಫ್ಟಿಗೆ ಬಿಗಿದ ಗ್ರಬ್ ಸ್ಕ್ರೂ ತುಕ್ಕಿಗೆ ಕಚ್ಚಿಕೊಂಡಿದ್ದರಿಂದ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಅರ್ಧ ತಾಸು ಕಾದೆವು. ಆತುರಪಟ್ಟು ಎಲನ್ ಕೀಯ ಮೂಲೆ ಸವೆಸಿದರೆ ಆಮೇಲೆ ಡ್ರಿಲ್ ಮಾಡಿ ತೆಗೆಯುವ ಗತಿ. ಬಿಚ್ಚುವ ಮೊದಲು ಎಡಬಲದ ಗುರುತು ಹಾಕಿ. ಹಿಂದು ಮುಂದಾಗಿ ಕೂರಿಸಿದರೆ ಪಟ್ಟಿಗಳು ಗಾಳಿಯನ್ನು ಮೊಗೆಯುವುದೇ ಇಲ್ಲ. ಪಟ್ಟಿಗೆ ಸಿಕ್ಕಿಸಿದ ಸಣ್ಣ ತಗಡಿನ ಕ್ಲಿಪ್ ಕಂಡರೆ ಕಸವೆಂದು ಕೀಳಬೇಡಿ, ಅದು ತೂಕ ಸರಿಹೊಂದಿಸಲು ಹಾಕಿದ್ದು.

ಚಕ್ರ ಸೋಪುನೀರಿನಲ್ಲಿ ನೆನೆಯುವಷ್ಟರಲ್ಲಿ ಕೆಪ್ಯಾಸಿಟರ್ ನೋಡಿದೆವು. ಕರೆಂಟ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ರೆಸಿಸ್ಟರ್ ಮೂಲಕ ಅದನ್ನು ಇಳಿಸಿ, ವೋಲ್ಟೇಜ್ ಸೊನ್ನೆ ಎಂದು ನೋಡಿಕೊಂಡೇ ವೈರ್ ಕಳಚಬೇಕು. ಮೈಮೇಲೆ 10 ಮೈಕ್ರೊಫ್ಯಾರಡ್, 440 ವೋಲ್ಟ್ ಎಂದು ಇತ್ತು. ಮೀಟರ್ ತೋರಿಸಿದ್ದು 6.8. ಶೇ. 10ಕ್ಕಿಂತ ಹೆಚ್ಚು ಇಳಿದರೆ ಬದಲಿಸುವುದೇ ಸರಿ. ಹೀಗೆ ಸೊರಗಿದ ಕೆಪ್ಯಾಸಿಟರಿನಿಂದ ಮೋಟಾರ್ ತಿರುಗುತ್ತದೆ, ಆದರೆ ಬಲ ಇರುವುದಿಲ್ಲ. ಬೇಸಿಗೆ ಸಂಜೆ ಲೈನ್ ವೋಲ್ಟೇಜ್ 190ರ ಹತ್ತಿರ ಇಳಿದಾಗ ಇನ್ನೂ ನಿಧಾನವಾಗುತ್ತದೆ. "ಹಗಲು ಪರವಾಗಿಲ್ಲ, ರಾತ್ರಿ ಊಟದ ಹೊತ್ತಿಗೆ ಗಾಳಿ ಸಾಯ್ತದೆ" ಎಂದು ಮನೆಯವರು ಹೇಳಿದ್ದಕ್ಕೆ ಅರ್ಧ ಕಾರಣ ಇದು. ಹೊಸದು ತರುವಾಗ ಮೈಕ್ರೊಫ್ಯಾರಡ್ ಅಂಕಿ ಅದೇ ಇರಬೇಕು. ಹೆಚ್ಚಿನದು ಹಾಕಿದರೆ ಹೆಚ್ಚು ಗಾಳಿ ಬರುವುದಿಲ್ಲ, ಮೋಟಾರ್ ಬಿಸಿಯಾಗಿ ಸುಡುತ್ತದೆ.

ವೈರಿನಲ್ಲಿ ಹರಿಯುವ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಓದುವಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಮುಂದಕ್ಕೆ ಬಾಗಿದ ಪಟ್ಟಿಯ ಚಕ್ರದಲ್ಲಿ ಗಾಳಿ ಕಡಿಮೆಯಾದಷ್ಟೂ ಮೋಟಾರಿನ ಹೊರೆ ಕಡಿಮೆ. ಆದ್ದರಿಂದ ಕರೆಂಟ್ ಕಡಿಮೆ ಇದೆ ಅಂದರೆ ಮೋಟಾರ್ ಆರಾಮವಾಗಿದೆ ಎಂದಲ್ಲ, ಅದಕ್ಕೆ ತಳ್ಳಲು ಗಾಳಿ ಸಿಗುತ್ತಿಲ್ಲ ಎಂದು. ಮೊದಲು 2.1 ಆಂಪಿಯರ್ ಇತ್ತು. ಚಕ್ರ ತೊಳೆದು ಕೆಪ್ಯಾಸಿಟರ್ ಬದಲಿಸಿದ ಮೇಲೆ 2.9. ಮೋಟಾರಿನ ತಗಡಿನ ಮೇಲೆ ಬರೆದ ಮಿತಿ 3.2. ಇದೇ ಕಾರಣಕ್ಕೆ ತಗಡು ಬಿಚ್ಚಿಟ್ಟು ಬ್ಲೋವರನ್ನು ಹೆಚ್ಚು ಹೊತ್ತು ಓಡಿಸಬಾರದು. ಅಡ್ಡಿಯೇ ಇಲ್ಲದೆ ಗಾಳಿ ನುಗ್ಗಿ ಕರೆಂಟ್ ಮಿತಿ ದಾಟುತ್ತದೆ.

ಈಗ ಅಳತೆ: ಹಾಲ್ 2.1, 2.0, 2.1, ಹತ್ತಿರದ ಕೋಣೆ 2.0, ತುದಿಯ ಕೋಣೆ 0.6, 0.5. ಒಟ್ಟು 930. ಮೊದಲ ತೊಂದರೆ ಮುಗಿಯಿತು, ಎರಡನೆಯದು ಬೆತ್ತಲೆಯಾಗಿ ನಿಂತಿತು. ಇಲ್ಲಿ ಬ್ಲೋವರಿನ ಸ್ಪೀಡ್ ವೈರನ್ನು ಮೀಡಿಯಂನಿಂದ ಹೈಗೆ ಬದಲಿಸಿ ಕೈತೊಳೆದುಕೊಳ್ಳುವುದು ಸುಲಭದ ದಾರಿ. ಹಾಗೆ ಮಾಡಿದ್ದರೆ ಹಾಲ್‌ನಲ್ಲಿ ಗಾಳಿಯ ಸದ್ದು ಜೋರಾಗುತ್ತಿತ್ತು, ತುದಿಯ ಕೋಣೆ ಬಿಸಿಯಾಗಿಯೇ ಇರುತ್ತಿತ್ತು.

ಮರುದಿನ ಬೆಳಿಗ್ಗೆ ಆರಕ್ಕೆ ಅಟ್ಟ ಹತ್ತಿದೆವು. ಮೇ ತಿಂಗಳಲ್ಲಿ ಹಂಚಿನ ಕೆಳಗೆ ಹತ್ತು ಗಂಟೆಯ ಮೇಲೆ ಮನುಷ್ಯ ಕೂರಲಾರ. ಕಾಲಿಡುವುದು ಮರದ ತೊಲೆಯ ಮೇಲೆ ಮಾತ್ರ, ಜಿಪ್ಸಮ್ ಮೇಲೆ ಇಟ್ಟರೆ ಕೆಳಗಿನ ಕೋಣೆಯಲ್ಲಿರುತ್ತೀರಿ. ಮೊದಲು ಡ್ಯಾಂಪರ್. ಹೊರಗಿನ ಹಿಡಿಕೆ ತೆರೆದಂತೆ ತೋರಿಸಿದರೂ ಒಳಗಿನ ತಗಡು ಸಡಿಲವಾಗಿ ಮುಚ್ಚಿಕೊಂಡಿರುವುದುಂಟು. ಹಿಡಿಕೆಯನ್ನು ನಂಬದೆ ಶಾಫ್ಟಿನ ತುದಿಯಲ್ಲಿ ಗರಗಸದಿಂದ ಕೊಯ್ದ ಗೀರನ್ನು ನೋಡಬೇಕು. ಆ ಗೀರು ಒಳಗಿನ ತಗಡು ಇರುವ ದಿಕ್ಕಿನಲ್ಲೇ ಇರುತ್ತದೆ. ಇಲ್ಲಿ ಗೀರು ಡಕ್ಟಿನ ಉದ್ದಕ್ಕೇ ಇತ್ತು, ಅಂದರೆ ಪೂರ್ತಿ ತೆರೆದಿದೆ.

ತಪ್ಪು ಇದ್ದದ್ದು ಅಲ್ಲಿಂದ ಮುಂದೆ. ಜಿಐ ತಗಡಿನ ಡಕ್ಟ್ ಮುಗಿದು 250 ಮಿ.ಮೀ. ಫ್ಲೆಕ್ಸಿಬಲ್ ಡಕ್ಟ್ ಶುರುವಾಗುವಲ್ಲಿಂದ ಗ್ರಿಲ್‌ನ ಪೆಟ್ಟಿಗೆಗೆ ಅಂತರ ನಾಲ್ಕು ಮೀಟರ್. ಹಾಕಿದ್ದು ಏಳು ಮೀಟರಿನ ಇಡೀ ತುಂಡು. ಕತ್ತರಿಸಲು ಮನಸ್ಸು ಬರದೆ ಹಾಗೇ ಒತ್ತಿ ಒತ್ತಿ ಕೂರಿಸಿದ್ದಾರೆ. ಫ್ಲೆಕ್ಸಿಬಲ್ ಡಕ್ಟನ್ನು ಪೂರ್ತಿ ಎಳೆದು ಹಾಕಿದಾಗ ಮಾತ್ರ ಒಳಗೋಡೆ ನಯವಾಗಿರುತ್ತದೆ. ಸಡಿಲ ಬಿಟ್ಟರೆ ಒಳಗೆ ಸುರುಳಿಯ ಮೇಲೆ ಸುರುಳಿ ಮಡಿಕೆ ಬಂದು, ಅಡ್ಡಿ ಹಲವು ಪಟ್ಟು ಏರುತ್ತದೆ. ಅದು ಸಾಲದೆಂದು ತೊಲೆ ದಾಟುವಲ್ಲಿ ಡಕ್ಟ್ ಜೋತುಬಿದ್ದು, ಅದನ್ನು ಪಕ್ಕಾಸಿಗೆ ಪ್ಲಾಸ್ಟಿಕ್ ಹಗ್ಗದಿಂದ ಬಿಗಿದು ಕಟ್ಟಿದ್ದರು. ಹಗ್ಗ ಕಚ್ಚಿದ ಜಾಗದಲ್ಲಿ 250 ಮಿ.ಮೀ. ಡಕ್ಟು ಬಾಳೆಕಾಯಿಯಷ್ಟು ಸಪೂರವಾಗಿತ್ತು. ಆಚೆ ತುದಿಯಲ್ಲಿ, ಗ್ರಿಲ್‌ನ ಪೆಟ್ಟಿಗೆಗೆ ಸೇರುವ ಕಡೆ, ಕಂದು ಪ್ಯಾಕಿಂಗ್ ಟೇಪಿನ ಅಂಟು ಅಟ್ಟದ ಬಿಸಿಗೆ ಕರಗಿ ಡಕ್ಟು ಅರ್ಧ ಕಳಚಿತ್ತು. ತಂಪು ಗಾಳಿ ಅಟ್ಟಕ್ಕೆ ಹೋಗುತ್ತಿತ್ತು. ಆ ಜಾಗದಲ್ಲಿ ಹೊರಗಿನ ಬೆಳ್ಳಿ ಹೊದಿಕೆಯನ್ನು ಹೆಗ್ಗಣವೋ ಕಬ್ಬೆಕ್ಕೋ ಹರಿದಿತ್ತು, ಒಳಗಿನ ಹತ್ತಿಯಂಥ ಗ್ಲಾಸ್‌ವುಲ್ ಹಿಂಡಿದರೆ ನೀರು ಇಳಿಯುತ್ತಿತ್ತು. ಮೇ ತಿಂಗಳಲ್ಲಿ ಇಲ್ಲಿನ ಗಾಳಿ 25 ಡಿಗ್ರಿ ಆಸುಪಾಸಿನಲ್ಲೇ ಇಬ್ಬನಿ ಬಿಡುತ್ತದೆ. 13 ಡಿಗ್ರಿಯ ಡಕ್ಟಿಗೆ ಒಂದು ಬೆರಳಗಲ ಹೊದಿಕೆ ಹರಿದರೂ ದಿನವಿಡೀ ಬೆವರುತ್ತದೆ. ತುದಿಯ ಕೋಣೆಯ ಸೀಲಿಂಗ್ ಮೇಲಿನ ಹಳದಿ ಕಲೆಯನ್ನು ಮನೆಯವರು ಹಂಚು ಸೋರಿದ್ದೆಂದು ತಿಳಿದು ಎರಡು ಸಲ ಹಂಚು ತಿರುವಿಹಾಕಿಸಿದ್ದರು. ಅದು ಮಳೆನೀರಲ್ಲ, ಎಸಿಯ ಬೆವರು.

ಹಳೆಯ ತುಂಡು ಬಿಸಾಡಿ ಹೊಸ ಇನ್ಸುಲೇಟೆಡ್ ಫ್ಲೆಕ್ಸಿಬಲ್ ಹಾಕಿದೆವು. ನಾಲ್ಕು ಮೀಟರ್ ಮತ್ತು ಒಂದು ಗೇಣು, ಅಷ್ಟೇ. ಎರಡು ತುದಿಯಲ್ಲೂ ತಗಡಿನ ಕಾಲರಿನ ಮೇಲೆ ಮಾಸ್ಟಿಕ್ ಎಂಬ ಸಂದು ಮುಚ್ಚುವ ಅಂಟು ಬಳಿದು, ಒಳಕೊಳವೆಯನ್ನು ಅದರ ಮೇಲೆ 50 ಮಿ.ಮೀ. ಏರಿಸಿ ಸ್ಟೀಲ್ ಕ್ಲಿಪ್ಪಿನಿಂದ ಬಿಗಿದು, ಅದರ ಮೇಲೆ ಅಲ್ಯೂಮಿನಿಯಂ ಟೇಪ್. ಆಮೇಲೆ ಇನ್ಸುಲೇಶನ್ ಎಳೆದು ಹೊರಹೊದಿಕೆಗೆ ಬೇರೆಯದೇ ಪಟ್ಟಿ. ಒಳಗಿನದು ಗಾಳಿ ಸೋರದಿರಲು, ಹೊರಗಿನದು ತೇವ ಒಳಗೆ ಹೋಗದಿರಲು. ಒಂದೇ ಪಟ್ಟಿಯಲ್ಲಿ ಎರಡನ್ನೂ ಬಿಗಿದರೆ ಇನ್ಸುಲೇಶನ್ ಚಪ್ಪಟೆಯಾಗಿ ಅಲ್ಲೇ ಬೆವರು. ಹಗ್ಗದ ಬದಲು ಎರಡು ಇಂಚಗಲದ ಬಟ್ಟೆಪಟ್ಟಿಯಿಂದ, 1.2 ಮೀಟರಿಗೊಂದರಂತೆ ತೊಟ್ಟಿಲ ಹಾಗೆ ಹಿಡಿದೆವು. ಜೋಲು ಮೀಟರಿಗೆ 40 ಮಿ.ಮೀ. ದಾಟಬಾರದು. ತಿರುವಿನ ಸುತ್ತು ಡಕ್ಟಿನ ಅಗಲಕ್ಕಿಂತ ಚಿಕ್ಕದಾಗಬಾರದು. ಜಿಐ ಡಕ್ಟಿನ ಕೀಲುಗಳಲ್ಲಿ ತುಕ್ಕು ಹಿಡಿದು ಸಂದು ಬಿಟ್ಟಿದ್ದ ಮೂರು ಕಡೆಯೂ ಮಾಸ್ಟಿಕ್ ಬಳಿದು, ಮೇಲೆ 19 ಮಿ.ಮೀ. ನೈಟ್ರೈಲ್ ರಬ್ಬರ್ ಹಾಳೆ ಸುತ್ತಿದೆವು.

ತುದಿಯ ಕೋಣೆ 1.6, 1.5ಕ್ಕೆ ಬಂತು. ಹಾಲ್ ಸ್ವಲ್ಪ ಇಳಿಯಿತು: 1.9, 1.8, 1.9. ಹತ್ತಿರದ ಕೋಣೆ 1.8. ಇಳಿದದ್ದು ಸಹಜ, ಹೊಸ ದಾರಿ ಸಿಕ್ಕಿ ಗಾಳಿ ಹಂಚಿಕೊಂಡಿದೆ. ಒಟ್ಟು 1050.

ಬಾಗಿಲು ಹಾಕಿದಾಗ ಮಾತ್ರ ತುದಿಯ ಕೋಣೆ ಮತ್ತೆ 1.1, 1.0ಕ್ಕೆ ಕುಸಿಯಿತು. ಆ ಕೋಣೆಗೆ ವಾಪಸು ಗ್ರಿಲ್ ಇಲ್ಲ. ಒಳಗೆ ಬಂದ ಗಾಳಿ ಹೊರಗೆ ಹೋಗದಿದ್ದರೆ ಹೊಸ ಗಾಳಿಗೆ ಜಾಗ ಎಲ್ಲಿದೆ? ಮಾನೋಮೀಟರಿನ ಕೊಳವೆಯನ್ನು ಬಾಗಿಲ ಅಡಿಯಿಂದ ತೂರಿಸಿದರೆ 22 ಪಾಸ್ಕಲ್. 3 ದಾಟಬಾರದು. ಬಾಗಿಲಿನ ಕೆಳಗೆ 20 ಮಿ.ಮೀ. ಕತ್ತರಿಸಿದರೂ ಸಿಗುವುದು 160 ಚದರ ಸೆಂ.ಮೀ. 300 ಸಿಎಫ್‌ಎಂ ಸಲೀಸಾಗಿ ಹೊರಹೋಗಲು 1000 ಚದರ ಸೆಂ.ಮೀ. ತೆರೆದ ಜಾಗ ಬೇಕು. ಚಿರೆಕಲ್ಲಿನ ಗೋಡೆ ಕೊರೆಯುವ ಅಗತ್ಯ ಬೀಳಲಿಲ್ಲ. ಹಳೆಯ ಮನೆಯಾದ್ದರಿಂದ ಬಾಗಿಲ ಮೇಲೆ ಗಾಜಿನ ವೆಂಟಿಲೇಟರ್ ಇತ್ತು. ಬಡಗಿಯನ್ನು ಕರೆಸಿ ಗಾಜು ತೆಗೆಸಿ, ಓರೆಯಾದ ಮರದ ಪಟ್ಟಿ ಕೂರಿಸಿದ್ದಾಯಿತು. ಬೆಳಕು ಒಳಗೆ ಬೀಳುವುದಿಲ್ಲ, ಗಾಳಿ ಹೋಗುತ್ತದೆ. ಬಾಗಿಲು ಹಾಕಿದಾಗ ಈಗ 1.6, 1.4.

ಇಷ್ಟೆಲ್ಲ ಮುಗಿದ ಮೇಲೆ, ಔಟ್‌ಡೋರ್ ಯೂನಿಟ್ಟಿನ ಕಾಯಿಲನ್ನೂ ಸಿಹಿನೀರಿನಿಂದ ತೊಳೆದು, ಗೇಜ್ ಜೋಡಿಸಿದೆವು. ಆರ್-410ಎ ಗ್ಯಾಸ್. ಸಕ್ಷನ್, ಅಂದರೆ ಕಂಪ್ರೆಸರಿಗೆ ವಾಪಸು ಬರುವ ಗ್ಯಾಸಿನ ಒತ್ತಡ, 130 ಪಿಎಸ್‌ಐ, ಅಂದರೆ ಕಾಯಿಲ್ 7 ಡಿಗ್ರಿ, ಇದು ಸರಿ. 101 ಪಿಎಸ್‌ಐಗಿಂತ ಕೆಳಗಿಳಿದರೆ ಕಾಯಿಲ್ ಸೊನ್ನೆ ಡಿಗ್ರಿಯ ಕೆಳಗೆ ಹೋಗಿ ಮಂಜು ಕಟ್ಟುತ್ತದೆ. ಹಿಂದಿನ ಎರಡು ಬೇಸಿಗೆಯಲ್ಲಿ ಗೇಜ್ ಇಟ್ಟವರು ಕಂಡದ್ದು ಈ ಇಳಿದ ಅಂಕಿಯನ್ನೇ ಇರಬೇಕು. ಗಾಳಿ ಕಡಿಮೆಯಾಗಿ ಒತ್ತಡ ಇಳಿದದ್ದನ್ನು ಗ್ಯಾಸ್ ಕಡಿಮೆಯೆಂದು ಓದಿ ತುಂಬಿಸಿದ್ದಾರೆ. ಅದರ ಫಲ ಹೈ ಸೈಡಿನಲ್ಲಿ, ಅಂದರೆ ಕಂಪ್ರೆಸರ್ ಗ್ಯಾಸನ್ನು ಒತ್ತಿ ಹೊರಹಾಕುವ ಕಡೆ, ಕಂಡಿತು: 445 ಪಿಎಸ್‌ಐ, ಅಂದರೆ 51 ಡಿಗ್ರಿ. ಲಿಕ್ವಿಡ್ ಪೈಪಿನ ಉಷ್ಣಾಂಶ 37. ಎರಡರ ವ್ಯತ್ಯಾಸ, ಅಂದರೆ ಸಬ್‌ಕೂಲಿಂಗ್, 14 ಡಿಗ್ರಿ. ಸಾಮಾನ್ಯವಾಗಿ 5ರಿಂದ 8 ಸಾಕು. ಗ್ಯಾಸ್ ಕಡಿಮೆ ಇರುವುದಿರಲಿ, ಹೆಚ್ಚಾಗಿತ್ತು. ಹೆಚ್ಚಾದ ಗ್ಯಾಸ್ ಕಂಪ್ರೆಸರನ್ನು ದಿನವೂ ಹಿಂಡುತ್ತದೆ, ಬಿಲ್ ಏರಿಸುತ್ತದೆ.

ರಿಕವರಿ ಸಿಲಿಂಡರನ್ನು ತೂಕದ ಯಂತ್ರದ ಮೇಲಿಟ್ಟು, ನೂರು ನೂರು ಗ್ರಾಂನಂತೆ ಹೊರತೆಗೆಯುತ್ತ, ಪ್ರತಿ ಸಲ ಹತ್ತು ನಿಮಿಷ ಓಡಿಸಿ ನೋಡಿದೆವು. ಗಾಳಿಗೆ ಬಿಡುವುದು ಸಲ್ಲ. 400 ಗ್ರಾಂ ತೆಗೆದಾಗ ಹೈ ಸೈಡ್ 395ಕ್ಕೆ, ಸಬ್‌ಕೂಲಿಂಗ್ ಆರೂವರೆ ಡಿಗ್ರಿಗೆ ಬಂತು. ವಾಪಸು ಗಾಳಿ 26.5, ಗ್ರಿಲ್‌ನಲ್ಲಿ 16.5. ವ್ಯತ್ಯಾಸ 10.

ಫ್ಯಾನ್ ಸ್ವಿಚ್ ಆನ್‌ನಲ್ಲಿತ್ತು, ಆಟೋಗೆ ಹಾಕಿದೆವು. ಆನ್‌ನಲ್ಲಿ ಇಟ್ಟರೆ ಕಂಪ್ರೆಸರ್ ನಿಂತ ಮೇಲೂ ಬ್ಲೋವರ್ ಓಡಿ, ಕಾಯಿಲಿನ ಮೇಲೆ ಇಳಿದ ನೀರನ್ನೇ ಮತ್ತೆ ಕೋಣೆಗೆ ಊದುತ್ತದೆ. ಮಳೆಗಾಲದಲ್ಲಿ ಹಾಸಿಗೆ ತಣ್ಣಗೆ ಒದ್ದೆಯಾದ ಹಾಗೆ ಅನಿಸುವುದು ಇದರಿಂದಲೇ. ಫಿಲ್ಟರ್ ಚೌಕಟ್ಟಿನ ಸಂದಿಗೆ ಸ್ಪಂಜಿನ ಪಟ್ಟಿ ಅಂಟಿಸಿ ಮುಚ್ಚಿದೆವು. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಜಾಲರಿ ತೊಳೆಯುವುದು, ಜೂನ್ ಮಳೆ ಹಿಡಿಯುವ ಮೊದಲು ಮತ್ತು ದೀಪಾವಳಿಯ ಹೊತ್ತಿಗೆ ಡ್ರೇನ್ ನೋಡುವುದು ಮನೆಯವರ ಪಾಲಿಗೆ. ವಾಪಸು ಗ್ರಿಲ್ ಬಾಗಿಲಿನ ಒಳಬದಿಗೆ ಒಂದು ಕಾಗದ ಅಂಟಿಸಿ ತಾರೀಕು, ಆರು ಗ್ರಿಲ್‌ಗಳ ಆರು ಅಂಕಿ, ಎರಡು ಉಷ್ಣಾಂಶ, ಬ್ಲೋವರಿನ ಆಂಪಿಯರ್, ಹೊರತೆಗೆದ 400 ಗ್ರಾಂ ಇಷ್ಟನ್ನೂ ಬರೆದಿಟ್ಟೆವು. ಮುಂದಿನ ಸಲ ಯಾರೇ ಏಣಿ ಹತ್ತಿದರೂ ಅವರ ಕಣ್ಣಿಗೆ ಮೊದಲು ಬೀಳುವುದು ಅದು.